ಇಪ್ಪತ್ತರಲ್ಲಿ ಹದಿಮೂರು

ಜನವರಿ 6, ಸೋಮವಾರ. ಸಂಜೆ

ಹದಿನಾಲ್ಕರಲ್ಲಿ ಹನ್ನೆರಡು ಮಕ್ಕಳು. ಇಬ್ಬರಿಗೆ ಕೆಮ್ಮು. ಚಾಪೆ ಒದರಿ, ಮಣಿ ಎಣಿಸಿ ಡಬ್ಬಕ್ಕೆ ಹಾಕಿದೆ — ಮೂರು ಕಮ್ಮಿ. ಚೋಟುವಿನ ಜೇಬು ನೋಡಿದರೆ ಮೂರೂ ಅಲ್ಲೇ. "ಮಣಿನೇ ನಿನ್ ಜೊತೆ ಬರ್ತೀನಿ ಅಂತು," ಎಂದಳು. ನಾಲ್ಕು ವರ್ಷಕ್ಕೇ ಈ ವಕೀಲಿ. ಚೋಟುದ್ದ ಇದ್ದಾಳೆ ಅಂತ ಊರೇ ಇಟ್ಟ ಹೆಸರು, ಬಾಯಿ ಮಾತ್ರ ಮಾರುದ್ದ.

ಮೂರೂವರೆಗೆ ಮಕ್ಕಳು ಹೋದರು. ಇದು ಹಿಂದೆ ಗೊಬ್ಬರದ ಗೋದಾಮು. ಮುಕ್ಕಾಲು ಭಾಗ ಬಾಲವಾಡಿ, ಪರದೆಯ ಆಚೆ ಕಾಲು ಭಾಗದಲ್ಲಿ ನಾನು — ಒಂದು ಮಂಚ, ಸ್ಟೌವ್, ಸೂಟ್‌ಕೇಸ್. ಮಕ್ಕಳು ಹೋದ ತಕ್ಷಣ ಕಟ್ಟಡ ದೊಡ್ಡದಾಗಿಬಿಡುತ್ತದೆ. ಇವತ್ತು ಜೋರಾಗಿಯೇ ಮಾತಾಡಿದೆ, "ಬೆಂಕಿಪೊಟ್ಟಣ ಎಲ್ಲಿ ಹಾಳಾಗಿ ಹೋಯ್ತು" ಅಂತ. ಯಾರಿಗೆ ಹೇಳಿದೆನೋ.

ಜನವರಿ 9, ಗುರುವಾರ

ಆಡುವಾಗ ಒಬ್ಬ ಬಿದ್ದ. ಮೊಣಕಾಲು ತರಚಿತು. ನಾನು ಬಾಗಿಲಲ್ಲೇ ಇದ್ದೆ, ಎರಡು ಹೆಜ್ಜೆ ದೂರ, ಕೈ ಚಾಚಿಕೊಂಡು. ನನ್ನನ್ನು ದಾಟಿಕೊಂಡು ಒಳಗೆ ಓಡಿ, ನನ್ನ ಸಹಾಯಕ್ಕಿರುವ ಹೊಲಿಗೆಯವಳ ಸೀರೆ ಹಿಡಿದ. ಅವಳು ಎತ್ತಿಕೊಳ್ಳಲೂ ಇಲ್ಲ. ಗಾಯ ನೋಡಿ, "ಅಯ್ಯೋ, ನಿನ್ ಕಾಲಿಗೆ ಬಾಗ್ಲು ಬಂತಲ್ಲೋ, ಒಳಗ್ಯಾರಿದಾರೆ ನೋಡೋಣ," ಎಂದಳು. ಅಳುತ್ತಿದ್ದವನು ಬಗ್ಗಿ ತನ್ನ ಮೊಣಕಾಲು ನೋಡಿಕೊಂಡ. ಅಳು ಮುಗಿಯಿತು.

ಇದನ್ನು ನಾನು ಹೇಳಿಕೊಟ್ಟದ್ದಲ್ಲ. ಜೂನ್‌ನಲ್ಲಿ ಬಂದಾಗ ಮಕ್ಕಳ ಎದುರು ನಿಲ್ಲಲೂ ನಾಚುತ್ತಿದ್ದಳು. ಮನೆಯಲ್ಲಿ ಮಿಷಿನ್ ತುಳಿದುಕೊಂಡಿದ್ದವಳು, ಹತ್ತನೇ ಕ್ಲಾಸು ಓದಿದ್ದಾಳೆ ಅಂತ ನಾನೇ ಹಿಡಿದು ತಂದೆ. ನನ್ನ ಕೆಲಸವೇ ಅದು. ಚಿಕ್ಕ ಮಕ್ಕಳಿಗೆ ಶಾಲೆ ಇಲ್ಲದ ಊರಿಗೆ ಹೋಗುವುದು, ಬಾಲವಾಡಿ ಶುರುಮಾಡುವುದು, ಆ ಊರಿನವಳೊಬ್ಬಳನ್ನು ತಯಾರು ಮಾಡುವುದು, ವರ್ಷಕ್ಕೆ ಸರಿಯಾಗಿ ಅವಳ ಕೈಗೆ ಕೊಟ್ಟು ಎದ್ದು ಹೋಗುವುದು. ಇದು ಆರನೆಯ ಊರು. ಇಪ್ಪತ್ತೆರಡು ಮನೆ, ಬಸ್ಸಿನ ರಸ್ತೆಗೆ ಒಂದೂವರೆ ಗಂಟೆ ಇಳಿಯಬೇಕು. ಮಾರ್ಚ್ ಕೊನೆಗೆ ನಾನು ಹೊರಡಬೇಕು.

ಮಗು ಅವಳ ಹತ್ತಿರ ಓಡಿದ್ದಕ್ಕೆ ಖುಷಿಪಡಬೇಕಿತ್ತು. ಹೊಟ್ಟೆ ಉರಿಯಿತು. ಬರೆದಿಡುತ್ತೇನೆ, ಯಾರು ಓದುತ್ತಾರೆ.

ಜನವರಿ 19, ಭಾನುವಾರ

ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಮಾತ್ರ. ಅಕ್ಕನಿಗೆ ಫೋನ್ ಮಾಡಿದೆ.

"ಮುಂದಿಂದು ಯಾವೂರಂತೆ?"

"ಇನ್ನೂ ಹೇಳಿಲ್ಲ."

"ನಲವತ್ತೇಳು ಕಣೇ ನಿಂಗೆ. ಇನ್ನೂ ಎಷ್ಟು ಬೆಟ್ಟ ಹತ್ತುತೀಯ? ಹಾಂ, ಕೇಳ್ಬೇಕಿತ್ತು… ನಿನ್ನ ಟ್ರಂಕ್ ಇರೋ ರೂಮು ಖಾಲಿ ಮಾಡ್ಬೇಕು. ನಿಮ್ಮ ಭಾವಂಗೆ ಮೊಣಕಾಲು, ಮೆಟ್ಟಿಲು ಹತ್ತಕ್ಕಾಗಲ್ಲ, ಕೆಳಗೇ ಮಲಗ್ತಾರಂತೆ. ಟ್ರಂಕ್ ಅಟ್ಟಕ್ಕೆ ಹಾಕ್ಲಾ?"

ಹಾಕು ಎಂದೆ. ತಪ್ಪೇನಿಲ್ಲ. ಅವರ ಮನೆ, ಅವರ ಮೊಣಕಾಲು. ಆದರೂ ಕಟ್ಟೆಯಿಂದ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ದಾರಿಯಲ್ಲಿ ಚೋಟುವಿನ ಅಪ್ಪ ಸಿಕ್ಕ, ಕಲ್ಲು ಒಡೆಯುವ ಕೆಲಸದವನು. "ಟೀಚರಕ್ಕ, ಊಟ ಆಯ್ತಾ?" ಎಂದ. ಈ ಊರಲ್ಲಿ ಎಲ್ಲರೂ ಕೇಳುತ್ತಾರೆ. ನಡೆಯುತ್ತಲೇ ಕೇಳುತ್ತಾರೆ, ಉತ್ತರಕ್ಕೆ ನಿಲ್ಲುವುದಿಲ್ಲ. ಅಷ್ಟಾದರೂ ಕೇಳುತ್ತಾರಲ್ಲ.

ಜನವರಿ 28, ಮಂಗಳವಾರ

ಪೇಟೆಗೆ ಹೋಗಿದ್ದವರ ಕೈಯಲ್ಲಿ ಆಫೀಸಿನಿಂದ ಹಸ್ತಾಂತರದ ಫಾರಂ ಬಂತು. ಹೊಲಿಗೆಯವಳ ಬಗ್ಗೆ ಇಪ್ಪತ್ತು ಪ್ರಶ್ನೆ, ಎದುರಿಗೆ "ಬರುತ್ತದೆ", "ಬರುವುದಿಲ್ಲ". ಹದಿನೈದು ಬಂದರೆ ಬಾಲವಾಡಿ ಅವಳದು.

ಪೆನ್ಸಿಲ್ಲಿನಲ್ಲಿ ಗುರುತು ಹಾಕಿದೆ. ಹತ್ತೊಂಬತ್ತು. ತಿಂಗಳ ವರದಿ ಬರೆಯುವುದು ಮಾತ್ರ ಇನ್ನೂ ಬರುವುದಿಲ್ಲ, ಅದು ನನಗೂ ಮೂರು ವರ್ಷ ಬಂದಿರಲಿಲ್ಲ.

ಮೂರನೆಯ ಊರಿನದು ನೆನಪಿದೆ. ಆ ಹುಡುಗಿಗೆ ಹನ್ನೆರಡೇ ಬಂದಿತ್ತು. ನನಗೆ ಆರು ತಿಂಗಳು ಎಕ್ಸ್‌ಟೆನ್ಶನ್ ಕೊಟ್ಟಿದ್ದರು.

ಜನವರಿ 30, ಗುರುವಾರ

ಪೆನ್ಸಿಲ್ ಅಳಿಸಿ ಪೆನ್ನಿನಲ್ಲಿ ಬರೆದೆ. ಹದಿಮೂರು.

ಕಥೆ ಹೇಳುವುದು — ಬರುವುದಿಲ್ಲ. ಪೋಷಕರೊಂದಿಗೆ ಮಾತು — ಬರುವುದಿಲ್ಲ. ಅಳುವ ಮಗುವನ್ನು ಸಮಾಧಾನಪಡಿಸುವುದು — ಬರುವುದಿಲ್ಲ. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿವೆ.

ಆರೇ ಆರು ತಿಂಗಳು. ಅವಳಿಗೇನು ನಷ್ಟ, ಅಷ್ಟು ದಿನ ತಡವಾಗಿ ಟೀಚರ್ ಆಗುತ್ತಾಳೆ. ಅಂಚೆಯವನು ಗುರುವಾರ ಮಾತ್ರ ಬರುವುದು. ಲಕೋಟೆ ಅವನ ಕೈಗೆ ಕೊಟ್ಟೆ. ಅವನು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತ ನಿಂತಿದ್ದೆ. ಕೂಗಿ ಕರೆಯಬಹುದಿತ್ತು.

ಫೆಬ್ರವರಿ 15, ಶನಿವಾರ

ಸೂಪರ್‌ವೈಸರ್ ಸಾರ್ ಬಂದರು, ಬೆವರು ಸುರಿಸಿಕೊಂಡು. ಅಪ್ಪ ಅಮ್ಮಂದಿರನ್ನೆಲ್ಲ ಸೇರಿಸಲು ಹೇಳಿದರು. ಮಕ್ಕಳ ಚಾಪೆಯ ಮೇಲೆ ಎಲ್ಲರೂ ಮಂಡಿ ಮಡಚಿ ಕೂತರು.

ಈ ವರ್ಷದಿಂದ ಎಕ್ಸ್‌ಟೆನ್ಶನ್ ಇಲ್ಲವಂತೆ. ಊರಿನವರೇ ನಡೆಸುವಂತಾದರೆ ಬಾಲವಾಡಿ ಉಳಿಯುತ್ತದೆ. ಇಲ್ಲದಿದ್ದರೆ ಏಪ್ರಿಲ್‌ನಿಂದ ಕೆಳಗೆ, ರಸ್ತೆ ಪಕ್ಕದ ಊರಿಗೆ. ಚಾಪೆ, ಆಟಿಕೆ, ಪುಸ್ತಕ ಎಲ್ಲ ಸಾಗಿಸುತ್ತಾರೆ. ಆಮೇಲೆ ಹೊಲಿಗೆಯವಳ ಕಡೆ ತಿರುಗಿ, "ಬೇಜಾರು ಮಾಡ್ಕೋಬೇಡಮ್ಮ," ಅಂತ ಶುರುಮಾಡಿ, ಬರುವುದಿಲ್ಲ ಅಂತ ನಾನು ಬರೆದ ಏಳನ್ನೂ ಓದಿದರು. ಎಲ್ಲರೆದುರು. ಅವಳು ನೆಲ ನೋಡುತ್ತಿದ್ದಳು.

ಚೋಟುವಿನ ಅಪ್ಪ ಎದ್ದ. "ಸಾರ್, ಚೋಟುದ್ದದ ಮಗು ಅಷ್ಟು ದೂರ ಹೆಂಗೆ ಇಳಿದು ಹತ್ತುತ್ತೆ?"

"ಆರು ವರ್ಷ ಆಗ್ಲಿ, ಸ್ಕೂಲಿಗೇ ಹೋಗ್ತಾಳೆ."

"ಅಲ್ಲೀವರೆಗೂ?"

ಸಾರ್ ಫೈಲು ಮಡಚಿದರು. ಅಲ್ಲಿಯವರೆಗೆ ಏನು ಅಂತ ನನಗೆ ಗೊತ್ತು. ನಾನು ಮೊದಲ ಸಲ ನೋಡಿದಾಗ ಚೋಟು ಕ್ವಾರಿಯಲ್ಲಿ ತಾಡಪಾಲಿನ ಕೆಳಗೆ ಕೂತಿದ್ದಳು. ರೆಪ್ಪೆಯ ಮೇಲೆಲ್ಲ ಕಲ್ಲಿನ ಪುಡಿ. ಸೊಂಟಕ್ಕೆ ಹಗ್ಗ, ಓಡದ ಹಾಗೆ.

ನಾನು ಬಾಯಿ ಬಿಡಲಿಲ್ಲ. ಹೊರಡುವಾಗ ಸಾರ್ ಹೇಳಿದರು, "ನೀವು ಸ್ಟ್ರಿಕ್ಟು ಮೇಡಂ. ಅದಕ್ಕೇ ನೀವು ಕೊಟ್ಟ ಮಾರ್ಕ್ಸ್ ಕಣ್ಣು ಮುಚ್ಕೊಂಡು ನಂಬ್ತೀವಿ."

ಫೆಬ್ರವರಿ 17, ಸೋಮವಾರ. ಬೆಳಿಗ್ಗೆ ಏಳು

ಬಾಗಿಲಲ್ಲಿ ಹೊಲಿಗೆಯವಳು, ಬೈಯಲು ಬಂದಿದ್ದಾಳೆ ಅಂದುಕೊಂಡೆ. ಕೈಯಲ್ಲಿ ನೋಟ್‌ಬುಕ್ಕು. ಆ ಏಳನ್ನೂ ಒಂದರ ಕೆಳಗೊಂದು ಬರೆದುಕೊಂಡಿದ್ದಾಳೆ, ಮಧ್ಯೆ ಜಾಗ ಬಿಟ್ಟು.

"ಅಕ್ಕ, ದಿನಾ ಒಂದು ಗಂಟೆ ಮೊದ್ಲೇ ಬರ್ತೀನಿ. ಎಲ್ಲಿ ತಪ್ತಿದೀನಿ ಹೇಳಿ, ತಿದ್ಕೋತೀನಿ. ಆಮೇಲೆ ಸಾರ್‌ಗೆ ಇನ್ನೊಂದ್ಸಲ ನೋಡಿ ಅಂತ ಕಾಲಿಗೆ ಬಿದ್ದಾದ್ರೂ ಕೇಳೋಣ."

ಮೊದಲನೆಯದು, ಕಥೆ ಹೇಳುವುದು. ಅವಳು ಒಂದು ಕಥೆ ಹೇಳಿದಳು. ಆನೆಗೆ ಚಡ್ಡಿ ಹೊಲಿಯಲು ಹೊರಟ ಇಲಿ, ಅಳತೆ ತೆಗೆಯುವಷ್ಟರಲ್ಲೇ ಮುದಿಯಾಯಿತಂತೆ. ನಾನು ನಗು ತಡೆದುಕೊಂಡು, "ದನಿಯಲ್ಲಿ ಸ್ವಲ್ಪ ಏರಿಳಿತ ಬೇಕು," ಎಂದೆ. ಬರೆದುಕೊಂಡಳು. ಮಹಾ ಪಂಡಿತೆ ನಾನು.

ಫೆಬ್ರವರಿ 21, ಶುಕ್ರವಾರ

ಚೋಟುವಿನ ಬೆರಳು ಬಾಗಿಲಿಗೆ ಸಿಕ್ಕಿಕೊಂಡಿತು. ಕಿರುಚಿಕೊಂಡು ಹೊಲಿಗೆಯವಳ ಹತ್ತಿರ ಓಡಿದಳು. ಅವಳ ಎರಡು ಕೈಯೂ ಮುಂದೆ ಬಂದವು. ಅಲ್ಲೇ ನಿಂತವು. ಆಮೇಲೆ ಬೆನ್ನ ಹಿಂದೆ ಕಟ್ಟಿಕೊಂಡಳು.

"ನಂಗೆ ಬರಲ್ಲ ಪುಟ್ಟಿ. ಟೀಚರಕ್ಕನ ಹತ್ರ ಹೋಗು."

ಕುಹಕ ಇರಲಿಲ್ಲ. ಕುಹಕ ಆಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ನಿಜವಾಗಿಯೂ ನಂಬಿದ್ದಳು.

ಚೋಟು ನನ್ನ ಹತ್ತಿರ ಬಂದಳು. ಇಡೀ ವರ್ಷ ನಾನು ಬಯಸಿದ್ದು ಇದನ್ನೇ. ಎತ್ತಿಕೊಂಡೆ, ಬೆರಳು ಊದಿದೆ, ತಣ್ಣೀರಲ್ಲಿ ಅದ್ದಿದೆ. ನನ್ನ ಹೆಗಲ ಮೇಲಿಂದ ಅವಳ ಕಡೆಗೇ ಕೈ ಚಾಚಿಕೊಂಡು ಅತ್ತಳು. ತುಂಬ ಹೊತ್ತು ಅತ್ತಳು.

ಫೆಬ್ರವರಿ 23, ಭಾನುವಾರ

ಟ್ಯಾಂಕಿನ ಹತ್ತಿರ ಹೋಗಲಿಲ್ಲ. ಬಟ್ಟೆ ಒಗೆದೆ. ಒಗೆದದ್ದನ್ನೇ ಮತ್ತೆ ಒಗೆದೆ.

ಫೆಬ್ರವರಿ 26, ಬುಧವಾರ. ಸಂಜೆ

ಹೇಳಿಬಿಟ್ಟೆ. ಹೊಲಿಗೆಯವಳ ಮನೆಗೇ ಹೋಗಿ. ಯಾರದೋ ಲಂಗದ ಅಂಚು ಮಡಚಿ ಹೊಲಿಯುತ್ತಿದ್ದಳು. ನಿಂತೇ ಹೇಳಿದೆ, ಕೂತರೆ ಮಾತು ಹೊರಡುವುದಿಲ್ಲ ಅಂತ. ನಿನಗೆ ಎಲ್ಲ ಬರುತ್ತದೆ, ಹತ್ತೊಂಬತ್ತು ಬರುತ್ತದೆ, ನಾನು ಬೇಕಂತಲೇ ಸುಳ್ಳು ಬರೆದೆ.

ಮಿಷಿನ್ ನಿಂತಿತು.

"ಯಾಕೆ?"

"ಹೋಗೋಕೆ ಮನಸ್ಸಿರ್ಲಿಲ್ಲ."

ಸೂಜಿಯಡಿಯಿಂದ ಬಟ್ಟೆ ಎಳೆದಳು. "ಹನ್ನೊಂದು ದಿನ ಆಯ್ತಕ್ಕ. ನನ್ ಹೊಟ್ಟೇಲಿ ಹುಟ್ಟಿದ ಮಗ ಅತ್ರೂ, ಎತ್ಕೋಬೇಕೋ ಬೇಡ್ವೋ, ನಂಗೆ ಬರತ್ತೋ ಇಲ್ವೋ ಅಂತ ಯೋಚ್ನೆ ಮಾಡ್ತಿದೀನಿ."

ತಪ್ಪಾಯಿತು ಎಂದೆ. ಆ ಮಾತು ನನ್ನ ಕಿವಿಗೇ ಸಣ್ಣದಾಗಿ ಕೇಳಿಸಿತು.

"ಇರಬೇಕು ಅಂತ ಬಾಯಿ ಬಿಟ್ಟು ಕೇಳಿದ್ರೆ ಇರಿ ಅಂತಿದ್ವಲ್ಲ. ಇಪ್ಪತ್ತೆರಡು ಮನೇಲಿ ನಿಮಗೊಂದು ರೂಮು ಸಿಗ್ತಿರ್ಲಿಲ್ವಾ?" ದಾರ ಕತ್ತರಿಸಿದಳು. "ಈಗ ಹೋಗಿ. ಇನ್ನೂ ಮಾತಾಡಿದ್ರೆ ಆಡಬಾರದ್ದು ಆಡ್ತೀನಿ."

ಕೇಳಬಹುದಿತ್ತು. ಆರೇಳು ವರ್ಷದಲ್ಲಿ, ಆರು ಊರಲ್ಲಿ, ಹಾಗೆ ಕೇಳಬಹುದು ಅಂತ ಒಂದು ಸಲವೂ ತಲೆಗೆ ಹೊಳೆದಿಲ್ಲ.

ಫೆಬ್ರವರಿ 27, ಗುರುವಾರ

ಬೆಳಿಗ್ಗೆಯೇ ಕಟ್ಟೆ ಹತ್ತಿ ಸಾರ್‌ಗೆ ಫೋನ್. ಎರಡು ಸಲ ಕಟ್ಟಾಯಿತು, ಮೂರನೆಯ ಸಲ ಮೊದಲಿನಿಂದ ಹೇಳಬೇಕಾಯಿತು. ಸಾಯುವ ಹಾಗಾಯಿತು.

"ಇದನ್ನ ಬರೆದು ಕೊಡ್ತೀರಾ ಮೇಡಂ?"

"ಕೊಡ್ತೀನಿ."

"ಕೆಲಸಕ್ಕೆ ಕುತ್ತು ಬರತ್ತೆ."

"ಗೊತ್ತು ಸಾರ್. ಬಾಲವಾಡಿ ಮಾತ್ರ ಕೆಳಗೆ ಇಳಿಸ್ಬೇಡಿ. ಬಂದು ನೀವೇ ನೋಡಿ."

ಒಂದೂವರೆ ಪುಟ ಬರೆದೆ. ಅಂಚೆಯವನಿಗೆ ಕೊಟ್ಟೆ.

ಮಾರ್ಚ್ 11, ಮಂಗಳವಾರ

ಸಾರ್, ಜೊತೆಗೆ ಆಫೀಸಿನಿಂದ ಇನ್ನೊಬ್ಬರು ಮೇಡಂ. ಬೆಳಿಗ್ಗೆಯಿಂದ ಮೂರೂವರೆವರೆಗೆ ಮೂಲೆಯಲ್ಲಿ ಕೂತು ನೋಡಿದರು. ನನ್ನನ್ನು ಹೊರಗೆ ಇರಲು ಹೇಳಿದರು. ಹೊರಗಿನ ಜಗಲಿಯ ಮೇಲೆ ಕೂತಿದ್ದೆ. ಒಳಗೆ ಮಕ್ಕಳು ನಗುವುದು ಕೇಳಿಸುತ್ತಿತ್ತು. ಬಹುಶಃ ಇಲಿ ಆನೆಯ ಅಳತೆ ತೆಗೆಯುತ್ತಿತ್ತು.

ಹೊಲಿಗೆಯವಳಿಗೆ ಹದಿನೆಂಟು ಕೊಟ್ಟರು. ನನ್ನ ಪೆನ್ಸಿಲ್ಲಿಗಿಂತ ಒಂದು ಕಮ್ಮಿ. ಸ್ಟ್ರಿಕ್ಟ್ ಅಂದರೆ ಅವರೇ.

ಬಾಲವಾಡಿ ಇಲ್ಲೇ. ಚೋಟುವಿನ ಅಪ್ಪ ಸುದ್ದಿ ಕೇಳಿ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡ. ನನಗೊಂದು ಪತ್ರ: ಇಪ್ಪತ್ತೊಂದರೊಳಗೆ ಊರು ಬಿಡುವುದು, ಮುಂದಿನ ಆದೇಶದವರೆಗೆ ಎಲ್ಲೂ ಕೆಲಸವಿಲ್ಲ. ಸೈನ್ ಹಾಕಿದೆ. ಹೊಲಿಗೆಯವಳು ನನ್ನ ಜೊತೆ ಕೆಲಸದ ಮಾತು ಮಾತ್ರ ಆಡುತ್ತಾಳೆ. ಬೀಗದ ಕೈ ಎಲ್ಲಿ, ಸೀಮೆಸುಣ್ಣ ಎಷ್ಟಿದೆ.

ಮಾರ್ಚ್ 16, ಭಾನುವಾರ

ಅಕ್ಕನಿಗೆ ಬರುತ್ತೇನೆ ಎಂದೆ.

"ಬಾ, ಬಾ," ಎಂದಳು. ಆಮೇಲೆ, "ಎಷ್ಟು ದಿನಕ್ಕೆ?"

ಮಾರ್ಚ್ 21, ಶುಕ್ರವಾರ. ಬಸ್ ಸ್ಟಾಪ್

ಹನ್ನೆರಡೂವರೆಯ ಬಸ್ಸಿಗೆ ಇನ್ನೂ ಹೊತ್ತಿದೆ. ಸೂಟ್‌ಕೇಸಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆಯೇ ಸೂಟ್‌ಕೇಸ್ ಹೊರಗಿಟ್ಟು ಊರವರಿಗೆಲ್ಲ ಹೇಳಿ ಬಂದೆ, ಮಕ್ಕಳಿಗೂ ಹೇಳಿ ಹೊರಡೋಣ ಅಂತ ಮತ್ತೆ ಹೋದೆ. ಪರದೆ ಆಗಲೇ ತೆಗೆದಿದ್ದಳು, ನನ್ನ ಮಂಚ ಇದ್ದ ಜಾಗದಲ್ಲೂ ಚಾಪೆ. ಹೊಸಿಲು ದಾಟುವಷ್ಟರಲ್ಲಿ, "ಸೈನ್ ಹಾಕಿ ಬನ್ನಿ ಅಕ್ಕ," ಎಂದಳು. ಸ್ಟೂಲಿನ ಮೇಲೆ ಒಂದು ಹೊಸ ಪುಸ್ತಕ. ಸಿಬ್ಬಂದಿಯಲ್ಲದವರು ಯಾರೇ ಬಂದರೂ ಬರೆಯಬೇಕಂತೆ. ಮುಖ ನೋಡಿದೆ, ತಮಾಷೆ ಇರಲಿಲ್ಲ.

ದಿನಾಂಕ ಬರೆದೆ. ಹೆಸರು ಬರೆದೆ. ಮುಂದಿನದು ಊರು. ಪೆನ್ನು ನಿಂತಿತು. ಅದನ್ನು ಬಿಟ್ಟು, ಬಂದ ಕಾರಣ — ಮಕ್ಕಳನ್ನು ನೋಡಲು — ಅಂತ ಬರೆದು ಪುಸ್ತಕ ಅತ್ತ ಸರಿಸಿದೆ.

"ಒಂದು ಖಾಲಿ ಬಿಟ್ರಿ."

"ಇರ್ಲಿ ಬಿಡು."

"ಯಾವ ಕಾಲಮ್ಮೂ ಖಾಲಿ ಬಿಡಬಾರ್ದು ಅಂತ ನೀವೇ ಹೇಳ್ಕೊಟ್ಟಿದ್ದು."

"ಏನು ಬರೀಬೇಕು ಗೊತ್ತಾಗ್ತಿಲ್ಲ ಕಣೇ," ಎಂದೆ.

ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ಬಗ್ಗಿ ಬರೆದಳು. ಇದೇ ಊರಿನ ಹೆಸರು. ನನ್ನ ಮುಖ ನೋಡಲಿಲ್ಲ. "ಬನ್ನಿ, ಮಕ್ಕಳು ಕಾಯ್ತಿದಾವೆ," ಅಂತ ಒಳಗೆ ಹೋದಳು.

ಕ್ಷಮಿಸಿದಳೋ, ಕಾಲಂ ತುಂಬಿಸಿದಳೋ, ಕೇಳುವ ಧೈರ್ಯ ಬರಲಿಲ್ಲ. ಒಂದೂವರೆ ಗಂಟೆಯ ದಾರಿ, ಇಳಿಯುವಷ್ಟು ಹೊತ್ತೂ ಅತ್ತೆ. ಮತ್ತೆ ಹತ್ತಿ ಹೋಗಿ, ಆ ರೂಮು ಈಗಲೂ ಸಿಗುತ್ತದಾ ಅಂತ ಒಂದು ಮಾತು ಕೇಳಿದರೆ —

ಬಸ್ಸಿನ ಸದ್ದು. ಕೈ ಅಡ್ಡ ಹಿಡಿಯದಿದ್ದರೆ ಈ ಡ್ರೈವರ್ ನಿಲ್ಲಿಸುವುದಿಲ್ಲ, ಎದ್ದು ಕೈ ಚಾಚಬೇಕು, ಇಲ್ಲ ಅಂದರೆ —