ಒಂದೇ ಒಂದು ಬೆಳಿಗ್ಗೆ ಕಂಡ ಕೆಂಪು

ತಿರುವೊಟ್ಟಿಯೂರಿನ ನಮ್ಮ ಬಣ್ಣದ ಕಾರ್ಖಾನೆಯ ವೈದ್ಯಾಧಿಕಾರಿಗಳಿಗೆ,

ಮಾನ್ಯರೇ,

ಮೂತ್ರದಲ್ಲಿ ರಕ್ತ ಹೋಯಿತೆಂದು ಬಂದವನನ್ನು ‘ನೋವಿಲ್ಲ, ಆದ್ದರಿಂದ ತೊಂದರೆಯಿಲ್ಲ’ ಎಂದು ಬರೆದು ವಾಪಸ್ಸು ಕಳಿಸಿದ್ದೀರಿ. ಆ ಮನುಷ್ಯ ನಾನೇ. ನೋವಿಲ್ಲ, ನಿಜ. ಹೆದರಿಕೆಯಿದೆ. ನಿಮ್ಮ ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲದ್ದರಿಂದ ನಾಲ್ಕು ಜನ ಓದುವಂತೆ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಒಂದು ಬೆಳಿಗ್ಗೆ ಕೆಂಪಗೆ ಹೋಯಿತು. ಇಪ್ಪತ್ತಾರು ವರ್ಷ ಬಣ್ಣದ ತೊಟ್ಟಿಯ ಮುಂದೆ ನಿಂತು ಕೆಂಪಿನಲ್ಲೇ ಹತ್ತು ಬಗೆ ಗುರುತಿಸುವವನು ನಾನು. ಇದು ಬೀಟ್‌ರೂಟ್ ಪಲ್ಯದ್ದಲ್ಲ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ನನ್ನ ಹೆಂಡತಿ ಗಿರಿಜಾದೇವಿ ಮಾತ್ರ, "ಸೂಡು ಆಗೇತ್ರಿ, ಮತ್ತೇನಿಲ್ಲ" ಎಂದಳು. ಈ ತಮಿಳು ಊರಿನಲ್ಲಿ ಎಲ್ಲ ಕಾಯಿಲೆಗೂ ಸೂಡೇ, ಅಂದರೆ ಉಷ್ಣವೇ ಕಾರಣ. ನಿಮ್ಮಲ್ಲಿಗೆ ಬರುವ ಮುಂಚೆ ಮೂರು ದಿನ ಎಳನೀರು, ಬಾರ್ಲಿ ನೀರು, ನೆನೆಸಿದ ಮೆಂತ್ಯ. ನೆಂಟರು ಬರುವ ಮೊದಲು ಮನೆ ಗುಡಿಸುವಂತೆ, ಡಾಕ್ಟರ ಮೇಜಿನ ಮೇಲಿಡುವ ಮೂತ್ರದ ಬಾಟಲಿಯೂ ಚೊಕ್ಕಟವಾಗಿರಬೇಕು ಅವಳಿಗೆ. ನಾನೂ ಗಟಗಟ ಕುಡಿದೆ. ಬಾಟಲಿ ತಿಳಿಯಾಗಿಯೇ ಬಂತು. ತಪ್ಪು ನಮ್ಮದು, ಒಪ್ಪಿದೆ. ಆದರೆ ಕೆಂಪಗೆ ಹೋಗಿತ್ತೆಂದು ಬಾಯಿಬಿಟ್ಟು ಹೇಳಿದ್ದೆನಲ್ಲ? ಅಷ್ಟು ಓದಿದ ತಮಗೆ ನನಗಿಂತ ಆ ಬಾಟಲಿಯ ಮೇಲೇ ಹೆಚ್ಚು ನಂಬಿಕೆ ಬಂತೇ?

ಇಲ್ಲೇ ಹುಟ್ಟಿ ಬೆಳೆದ ಮಗಳು ಜ್ಯೋತಿ ನರ್ಸ್. "ರತ್ತಂ ತಾನಾ ನಿಕ್ಕುಂಪ್ಪಾ. ನಿನ್ನಾಲುಂ ಉಳ್ಳೆ ಪಾಕ್ಕಣುಂ" ಎಂದು ತಮಿಳಿನಲ್ಲೇ ಗದರಿದಳು. ರಕ್ತ ತಾನಾಗಿ ನಿಲ್ಲುತ್ತದೆ, ನಿಂತರೂ ಒಳಗೆ ನೋಡಲೇಬೇಕಂತೆ. ನೋವಿಲ್ಲದ ರಕ್ತವನ್ನು ಹಗುರವಾಗಿ ತೆಗೆದುಕೊಳ್ಳಲೇಬಾರದಂತೆ. ಬಣ್ಣದ ಕೆಲಸದವರಿಗೆ ಮೂತ್ರಕೋಶದ ಕ್ಯಾನ್ಸರಿನ ಅಪಾಯ ಜಾಸ್ತಿಯಂತೆ. ಇದು ತಮಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೂ ‘ಕೆಲಸಕ್ಕೆ ಯೋಗ್ಯ’ ಎಂದು ಮೊಹರು ಒತ್ತಿದಿರೇ?

ಅವಳು ಹಾಗೆಂದ ದಿನದಿಂದ ನಾನು ದೀಪ ಹಾಕದೆ ಬಚ್ಚಲಿಗೆ ಹೋಗುತ್ತಿದ್ದೇನೆ. ಬಣ್ಣ ನೋಡಿಯೇ ಅನ್ನ ತಿಂದವನಿಗೆ ಬಣ್ಣ ನೋಡಲು ಧೈರ್ಯವಿಲ್ಲ. ಹೊರಗೆ ನಿಂತ ಗಿರಿಜಾದೇವಿ, "ಹ್ಯಾಂಗೈತ್ರಿ?" ಎನ್ನುತ್ತಾಳೆ. "ತಿಳಿ ಐತಿ" ಎನ್ನುತ್ತೇನೆ. ನಾನು ನೋಡಿಯೇ ಇರುವುದಿಲ್ಲ.

ನನ್ನನ್ನು ಈ ವಾರವೇ ದೊಡ್ಡ ಆಸ್ಪತ್ರೆಗೆ ಬರೆದು ಕಳಿಸಿ. ಸ್ಕ್ಯಾನ್ ಆಗಲಿ, ದೀಪವಿರುವ ಸಣ್ಣ ನಳಿಕೆಯನ್ನು ಮೂತ್ರಕೋಶದೊಳಗೆ ಇಳಿಸಿ ನೋಡುವ ಪರೀಕ್ಷೆಯೂ ಆಗಲಿ. ತೊಟ್ಟಿಯ ಬಳಿ ನಿಲ್ಲುವ ಯಾರಿಗೇ ಆಗಲಿ, ಒಮ್ಮೆ ರಕ್ತ ಕಂಡರೂ ಇಷ್ಟು ಮಾಡಿಸಿ. ನಾನಂತೂ ನೋಡಲಾರೆ. ನೀವಾದರೂ ದೀಪ ಹಾಕಿಸಿ ನೋಡಿ.

ಇಂತಿ,
ತಮ್ಮ ಮೊಹರಿನ ಪ್ರಕಾರ ಆರೋಗ್ಯವಾಗಿರುವ
ಶಿವಶರಣ
ಕೆಂಪು ಬಣ್ಣದ ವಿಭಾಗ