ಕದ್ದ ಉಸಿರು

ವಿಜಯಪುರ, ದೇವನಹಳ್ಳಿ ತಾಲ್ಲೂಕು
೪ ನವೆಂಬರ್ ೨೦೨೪

ನನ್ನ ಮುದ್ದು ಮಗಳೇ ಸಿಂಚನಾ,

ಯಾದಗಿರಿಯ ನೀರು ಒಗ್ಗಿತೇ? ಕೆಮ್ಮು ನಿಂತಿತೇ? ಶಾಲೆಯ ಮಕ್ಕಳು ನಿನ್ನ ಸಣ್ಣ ದನಿಗೆ ಹೆದರುತ್ತಾರೋ ಇಲ್ಲವೋ? ಹೆದರದಿದ್ದರೆ ಹೇಳು, ರಾಜಾ ಪಾರ್ಟಿನ ಈ ಗಂಟಲನ್ನು ಪಾರ್ಸಲ್ ಮಾಡುತ್ತೇನೆ!

ಇಲ್ಲಿ ಎಲ್ಲವೂ ವೈಭವ. ಕೀಮೋದ ಮೂರು ಡ್ರಿಪ್ ಮುಗಿದು ಕುತ್ತಿಗೆಯ ಗಂಟು ಕರಗಿ ಕಡಲೆಕಾಳಾಗಿದೆ. ತೂಕ ಹತ್ತೇ ದಿನದಲ್ಲಿ ನಾಲ್ಕು ಕಿಲೋ ಏರಿದೆ! "ಎಲ್ಲಾ ನನ್ ಮುದ್ದೆ ಮಹಿಮೆ ಕಣ್ರಮ್ಮ" ಎಂದು ನಿಮ್ಮಮ್ಮ ಬೀದಿಗೆಲ್ಲ ಸಾರಿದ್ದಾಳೆ. ನಮ್ಮ ಹಾರ್ಮೋನಿಯಂ ಮೇಷ್ಟ್ರು ಕೆಂಪರಾಜ್ ನನ್ನ ಹೊಟ್ಟೆ ತಟ್ಟಿ, "ಏನ್ ಗುರು, ಬೋಳ್ ತಲೆಗೆ ಕಿರೀಟ ಇನ್ನೂ ಚೆನ್ನಾಗ್ ಕೂರ್ತದೆ ಬಿಡು" ಅಂದ.

ಮಧ್ಯಾಹ್ನದ ಹೊತ್ತು ಮೂರು ದಿಂಬು ಪೇರಿಸಿ ಒರಗಿ ಕೂತರೆ, ಪಕ್ಕದಲ್ಲಿ ರೇಷ್ಮೆಗೂಡು ಬೇಯಿಸುವ ಹಬೆ ಕಿಟಕಿಯಿಂದ ತೇಲಿ ಬರುತ್ತದೆ. ಕಣ್ಣು ಅರ್ಧ ಮುಚ್ಚುತ್ತದೆ. ಗೋಡೆ ಕಾಡಿನ ಪರದೆಯಾಗುತ್ತದೆ, ಮಂಚ ರಂಗವಾಗುತ್ತದೆ, ನನ್ನ ಮೈ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ, ಎಲ್ಲೋ ದೂರದಲ್ಲಿ ಯಾರೋ ಅದನ್ನು ಮೆಲ್ಲಗೆ ರಾಟೆಗೆ ಸುತ್ತುತ್ತಿರುತ್ತಾರೆ. ಐದು ವರ್ಷದ ನೀನು ಮುಂದಿನ ಸಾಲಿನಲ್ಲಿ ನಿದ್ದೆ ಹೋಗಿರುತ್ತೀಯ. ಹಾಡಲು ಎದೆ ತುಂಬ ಉಸಿರೆಳೆಯುತ್ತೇನೆ; ಅರ್ಧಕ್ಕೇ ನಿಲ್ಲುತ್ತದೆ. ಸಭೆಯೆಲ್ಲ ಕಾಯುತ್ತದೆ.

ನಾಟಕದವನಿಗೆ ಉಸಿರು ಕದಿಯುವುದು ಗೊತ್ತು. ಮೀಸೆ ತಿರುವುವಾಗ ಒಂದು ಗುಟುಕು, ಗದೆ ಎತ್ತುವಾಗ ಇನ್ನೊಂದು; ಮೊದಲ ಸಾಲಿನವನಿಗೂ ತಿಳಿಯದು. ಮೊದಲ ಡ್ರಿಪ್ಪಿನ ದಿನವೇ ನರ್ಸ್ ಜ್ಯೋತಿಲಕ್ಷ್ಮಿ ಎಚ್ಚರಿಸಿದ್ದಳು: "ಈ ಕೆಂಪು ಔಷ್ದಿ ಕೆಲವ್ರಿಗೆ ಹಾರ್ಟ್ ವೀಕ್ ಮಾಡುತ್ತೆ ಅಪ್ಪಾಜಿ. ಏದುಸಿರು ಬಂದ್ರೆ, ಕಾಲು ಊದ್ಕೊಂಡ್ರೆ ಮುಚ್ಚಿಡ್ಬೇಡಿ." ಮೊನ್ನೆ ಆಸ್ಪತ್ರೆಯಲ್ಲಿ ಡಾಕ್ಟರು, "ಮೆಟ್ಲು ಹತ್ತಿದ್ರೆ ಉಸಿರು ಕಟ್ಟುತ್ತಾ?" ಎಂದು ಕೇಳಿದರು. ಕನ್ನಡಕ ಒರೆಸುವ ನೆಪದಲ್ಲಿ ಒಂದು ಗುಟುಕು ಕದ್ದೆ. "ಸಿಂಹ ಇದ್ದಂಗಿದೀನಿ ಸ್ವಾಮಿ!" ಎಂದು ಗರ್ಜಿಸಿದೆ. ವಾರ್ಡೆಲ್ಲ ನಕ್ಕಿತು, ಡಾಕ್ಟರೂ ನಕ್ಕು ಮುಂದಿನ ಮಂಚಕ್ಕೆ ಹೋದರು. ನಿಜ ಹೇಳಿ, ಅವರು ಔಷಧಿ ನಿಲ್ಲಿಸಿದರೆ ಗಂಟು ಮತ್ತೆ ಎದ್ದೀತೆಂಬ ಹೆದರಿಕೆ ಮಗಳೇ, ಇನ್ನೇನಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ನೆತ್ತಿಯ ಮೇಲೆ ನನ್ನ ಎರಡೂ ಕೈಗಳಿವೆ.

ನಿನ್ನ ಅಪ್ಪ,
ಗೋವಿಂದರಾಜು

ಮರೆತಿದ್ದೆ. ಅಲ್ಲ, ಮರೆತಿರಲಿಲ್ಲ. ಪಾದ ಒತ್ತಿದರೆ ಬೆರಳಿನ ಗುಳಿ ಹಾಗೇ ನಿಲ್ಲುತ್ತದೆ. ಏರಿದ್ದು ಮೈಯಲ್ಲ, ನೀರು ಅನ್ನಿಸುತ್ತಿದೆ. ಅಮ್ಮನಿಗೆ ಗೊತ್ತಿಲ್ಲ. ಹದಿನೆಂಟಕ್ಕೆ ನಾಲ್ಕನೇ ಡ್ರಿಪ್. ಜ್ಯೋತಿಲಕ್ಷ್ಮಿಯ ನಂಬರು ಈ ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ. ಕಾಗದ ಸಿಕ್ಕ ಗಳಿಗೆಯಲ್ಲೇ ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿಬಿಡು. ಆಮೇಲೆ ನನಗೂ ಮಾಡುತ್ತೀಯ, ನಾನು ಚೆನ್ನಾಗಿದ್ದೀನಿ ಅನ್ನುತ್ತೇನೆ. ನಂಬಬೇಡ.