ಕೆಳಗಿನ ಸಾಲಿನ ಪೆಟ್ಟಿಗೆ

ವೀರಭದ್ರಪ್ಪ ಸರ್ ಅವರಿಗೆ,
ಎರಡು ವರ್ಷ ನಿಮ್ಮ ಎಡಗಡೆಯ ಬೆಂಚಿನಲ್ಲಿ ಕುಳಿತ ಶಿವದೇವಿಯ ನಮಸ್ಕಾರಗಳು.

ಒಂಬತ್ತನೇ ತರಗತಿಗೇ ಶಾಲೆ ಬಿಟ್ಟ ನನ್ನನ್ನು ಅಪ್ಪ ನಾರಾಯಣಗೂಡದ ನಿಮ್ಮ ಆಡಿಟ್ ಆಫೀಸಿಗೆ ಕರೆತಂದಾಗ ನೀವು ಮಾರ್ಕ್ಸ್ ಕಾರ್ಡ್ ಕೇಳಲಿಲ್ಲ. "ಕಣ್ಣು ನೆಟ್ಟಗ ಅದಾವಿಲ್ಲ? ಕುಂದ್ರು" ಎಂದಿರಿ. ಬಿಕಾಂ ಮುಗಿಸಿ ಸಿಎ ಮಾಡಲು ಬಂದಿದ್ದ ಕುಮುದಾಳಿಗೂ ಅದೇ ಬೆಂಚು. ಮೂರು ತಿಂಗಳು ಪೆನ್ಸಿಲ್ ಕೊಡಲಿಲ್ಲ. ನೀವು ಮಾಡುವುದನ್ನು ನೋಡುವುದೇ ನಮ್ಮ ಪಾಠ. ಆಮೇಲೆ ಹಸಿರು ಪೆನ್ಸಿಲ್ ಕೊಟ್ಟು, ಕೈಯಿಂದ ಮುಟ್ಟಿದ ಸರಕಿಗೆ ಮಾತ್ರ ಗುರುತು ಹಾಕಬೇಕೆಂದಿರಿ. ಗೋದಾಮಿಗೆ ಹೋದಾಗಲೆಲ್ಲ ಒಂದೇ ಮಾತು: "ಕೆಳಗಿನ ಸಾಲು ಮೊದಲು ನೋಡ್ರೆವಾ. ಮ್ಯಾಲಿನ ಸಾಲು ನಮಗ ತೋರಸಾಕ ಇಟ್ಟಿರತಾರ."

ಮಾರ್ಚ್ ಕೊನೆಗೆ ಮಿಯಾಪುರದ ಆ ಕಂಪ್ಯೂಟರ್ ತರಬೇತಿ ಕಂಪನಿಯ ಗೋದಾಮಿನಲ್ಲಿ ನೀವು ಆ ಮಾತು ಹೇಳಲಿಲ್ಲ. ಮಾಲೀಕರ ಜೊತೆ ಚಹಾ ಕುಡಿಯುತ್ತ, "ಇವತ್ತು ಎಣಿಸಿದ್ರ ಸಾಕು, ಎತ್ತಬ್ಯಾಡ್ರಿ" ಎಂದಿರಿ. ಕುಮುದಾ ಎಣಿಸಿದಳು. ಇನ್ನೂರ ನಲವತ್ತು ಕಂಪ್ಯೂಟರ್ ಪೆಟ್ಟಿಗೆ. ನಾನು ಕೆಳಗಿನ ಪೆಟ್ಟಿಗೆಯನ್ನು ಕಾಲಿನಿಂದ ನೂಕಿದೆ. ಮೇಲಿನ ಮೂರರ ಸಮೇತ ಸರಿಯಿತು. ಅದರೊಳಗೆ ಕಂಪ್ಯೂಟರ್ ಇದ್ದಿದ್ದರೆ ನನ್ನ ಬೆರಳು ನೋಯಬೇಕಿತ್ತು.

"ಖಾಲಿ ಅದಾವ್ರಿ ಸರ" ಎಂದು ನಿಮ್ಮ ಕಿವಿಯಲ್ಲಿ ಹೇಳಿದೆ. "ಸಾಲಿ ಬಿಟ್ಟಾಕಿ ನನಗ ಆಡಿಟ್ ಕಲಸ್ತೀಯೇನು?" ಎಂದು ನಕ್ಕಿರಿ. ಮಾಲೀಕರೂ ನಕ್ಕರು. ನಾನು ಪೆನ್ಸಿಲ್ ಮೇಜಿನ ಮೇಲಿಟ್ಟು ಹೊರಗೆ ಬಂದೆ, ಮತ್ತೆ ನಿಮ್ಮ ಆಫೀಸಿಗೆ ಬರಲಿಲ್ಲ.

ಈಗ ಖಾಲಿ ಪೆಟ್ಟಿಗೆಗಳ ಸಂಗತಿ ಹೊರಬಿದ್ದು ಆ ಕಂಪನಿಗೆ ಬೀಗ ಬಿದ್ದಿದೆ, ಅದರ ಲೆಕ್ಕಕ್ಕೆ ಸಹಿ ಹಾಕಿದ ನಿಮ್ಮ ಮೇಲೂ ವಿಚಾರಣೆ ನಡೆದಿದೆ. ಎಣಿಸಿದವಳು ಕುಮುದಾ, ನಿಮ್ಮನ್ನು ದಾರಿ ತಪ್ಪಿಸಿದವಳು ಕುಮುದಾ ಎಂದು ವಿಚಾರಣೆಯವರಿಗೆ ಬರೆದುಕೊಟ್ಟಿದ್ದೀರಿ. ಅವಳ ಎರಡೂವರೆ ವರ್ಷದ ಸಿಎ ತರಬೇತಿಯೇ ರದ್ದಾಗಬಹುದು. ನಿನ್ನೆ ಮಲ್ಕಾಜ್‌ಗಿರಿಗೆ ನಮ್ಮ ಮನೆಗೆ ಬಂದಿದ್ದಳು. ಅವ್ವ ಕೊಟ್ಟ ರೊಟ್ಟಿ ಮುರಿದಳು, ತಿನ್ನಲಿಲ್ಲ. "ಸರ್ ಬ್ಯಾಡಂದ ಮ್ಯಾಲೆ ಎತ್ತಿ ನೋಡಿದ್ರ ಅವರನ್ನ ನಂಬಲಿಲ್ಲ ಅಂದಂಗ ಆಗತಿತ್ತಲ್ಲೇ ಶಿವಿ" ಎಂದಳು. ಇನ್ನೂ ನಿಮ್ಮ ಮೇಲೆ ಸಿಟ್ಟಿಲ್ಲ ಅವಳಿಗೆ. ನಾನು ಪೆಟ್ಟಿಗೆ ನೂಕಿದ್ದನ್ನು ಆಗ ಹೇಳಿದೆ. ರೊಟ್ಟಿಯ ತಟ್ಟೆ ಪಕ್ಕಕ್ಕೆ ಸರಿಸಿ, "ಅವತ್ತೇ ಯಾಕ ಹೇಳಲಿಲ್ಲ?" ಎಂದಳು.

ಅವತ್ತು, ಸರ್, ನನ್ನ ಕೈ ಚೊಕ್ಕವಾಗಿದ್ದರೆ ಸಾಕು ಎಂದುಕೊಂಡಿದ್ದೆ. ಬಾಗಿಲಲ್ಲಿ ನಿಂತು, ಅವಳು ಗುರುತು ಹಾಕುವುದನ್ನು ನೋಡಿದ್ದೆ.

ನಾಳೆ ಹನ್ನೊಂದಕ್ಕೆ ನನ್ನನ್ನು ವಿಚಾರಣೆಗೆ ಕರೆದಿದ್ದಾರೆ. ನೀವು ಎತ್ತಬೇಡಿ ಎಂದದ್ದನ್ನೂ ಹೇಳುತ್ತೇನೆ, ನಾನು ಬಾಯಿ ಮುಚ್ಚಿಕೊಂಡದ್ದನ್ನೂ ಹೇಳುತ್ತೇನೆ. ಲೆಕ್ಕಪತ್ರಕ್ಕೆ ಸಹಿ ಹಾಕುವ ನಿಮ್ಮ ಹಕ್ಕು ಹೋಗುತ್ತದೆ ಎಂದು ಗೊತ್ತು. ಆ ಬೆಂಚಿನಲ್ಲಿ ಇನ್ನು ಯಾರೂ ಕೂರುವುದಿಲ್ಲ ಎಂಬುದೂ ಗೊತ್ತು.

ನನಗಿಂತ ಮೊದಲು ನೀವೇ ಹೋಗಿ ಹೇಳುವುದಾದರೆ, ಹತ್ತೂವರೆಗೆ ಅಲ್ಲಿರುತ್ತೇನೆ. ನಿಮ್ಮ ಎಡಗಡೆ ಕೂರುತ್ತೇನೆ. ನೀವು ಬರದಿದ್ದರೂ ನಾನು ಹೇಳುತ್ತೇನೆ.

ಆ ಕಚೇರಿಗೆ ಮೆಟ್ಟಿಲು ಬಹಳ ಇವೆಯಂತೆ. ನಿಮ್ಮ ಮಂಡಿನೋವು ನಾಳೆಯ ಮಟ್ಟಿಗಾದರೂ ಕಡಿಮೆ ಇರಲಿ.

ನೀವು ಕಲಿಸಿದ್ದನ್ನು ಮರೆಯಲಾಗದ,
ಶಿವದೇವಿ